ಶಾಲೆ ವ್ಯಾನಿಗೆ ಹಣ ಬೇಕು: ಲಕ್ಕಿ ಕೂಪನ್ನಾ, ಯಕ್ಷಗಾನ ಆಡಿಸುವುದಾ, ಪಾಯಸ ಚಾಲೆಂಜಾ?

ವ್ಯಾನಿನ ಅಮ್ಮ, ಬದಿಯಡ್ಕ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅನುದಾನಿತ ಕನ್ನಡ ಶಾಲೆ, ಒಂದರಿಂದ ಏಳರವರೆಗೆ. ನಾನು ರಕ್ಷಕ ಶಿಕ್ಷಕ ಸಂಘದ ಸಮಿತಿಯಲ್ಲಿ ಇದ್ದೇನೆ. ಮಗಳು ನಾಲ್ಕನೇ ಕ್ಲಾಸು.

ಶಾಲೆಗೆ ಒಂದು ವ್ಯಾನ್ ಉಂಟು. ಮಕ್ಕಳಿಂದ ಬರುವ ಹಣ ಡೀಸೆಲಿಗೇ ಸರಿಯಾಗುತ್ತದೆ. ಡ್ರೈವರಣ್ಣನ ಸಂಬಳ, ಇನ್ಶೂರೆನ್ಸ್, ಶಾಲೆ ತೆರೆಯುವ ಮೊದಲಿನ ಫಿಟ್‌ನೆಸ್ ಕೆಲಸ, ಟಯರು, ಇದಕ್ಕೆಲ್ಲ ಸೇರಿ ತಿಂಗಳಿಗೆ ಸುಮಾರು 12,000 ರೂಪಾಯಿ ಕಡಿಮೆ ಬೀಳುತ್ತದೆ. ಇಷ್ಟರವರೆಗೆ ಟೀಚರುಗಳೇ ಕೈಯಿಂದ ಹಾಕಿ ಓಡಿಸಿದ್ದಾರೆ. ಇನ್ನೂ ಅವರ ಹತ್ತಿರವೇ ಕೇಳುವುದು ಸರಿಯಲ್ಲ.

ವ್ಯಾನ್ ನಿಂತರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಅಂತ ನೋಡಿಯೇ ಟೀಚರ್ ಹುದ್ದೆ ನಿರ್ಧಾರ ಆಗುವುದು. ಮನೆ ಬಾಗಿಲಿಗೆ ಬೇರೆ ಶಾಲೆಯ ಬಸ್ಸು ಬರುವಾಗ ನಮ್ಮ ವ್ಯಾನ್ ಇಲ್ಲದಿದ್ದರೆ ಆ ಮಗು ಮತ್ತೆ ನಮಗಿಲ್ಲ.

ವ್ಯಾನ್ ಅಲ್ಲದೆ ಲೈಬ್ರರಿಗೆ ಎರಡು ಕಪಾಟು, ಸ್ವಲ್ಪ ಪುಸ್ತಕ ಬೇಕು. ಶೌಚಾಲಯದ ಬಾಗಿಲೂ ಹಾಳಾಗಿದೆ. ಸಮಿತಿಯಲ್ಲಿ ಮೂರು ಅಭಿಪ್ರಾಯ ಬಂದಿದೆ. ಒಬ್ಬರು ಲಕ್ಕಿ ಕೂಪನ್ ಅಂತಾರೆ. ಒಬ್ಬರು ಯಕ್ಷಗಾನ ಆಡಿಸುವ ಅಂತಾರೆ. ಅಮ್ಮಂದಿರೆಲ್ಲ ಪಾಯಸ ಚಾಲೆಂಜ್, ಅಂದರೆ ಪಾಯಸ ಮಾಡಿ ಡಬ್ಬಿಯಲ್ಲಿ ಮಾರಿ ಹಣ ಎತ್ತುವುದು, ಮಾಡುವ ಅಂತಿದ್ದಾರೆ. ಮಾಡಿ ಅನುಭವ ಇದ್ದವರು ಹೇಳಿ. ಯಾವುದು ಒಳ್ಳೆಯದು?

ಸೀತಾಂಗೋಳಿಯವ

ಕೂಪನ್ನೇ ಸುಲಭ ಅಕ್ಕ. 100 ರೂಪಾಯಿಯ ಸಾವಿರ ಕೂಪನ್ ಹಾಕಿ. ಒಂದು ಫ್ರಿಜ್, ಒಂದು ಮಿಕ್ಸಿ, ನಾಲ್ಕು ಸಮಾಧಾನ ಬಹುಮಾನ. ಒಬ್ಬೊಬ್ಬ ಮಗುವಿಗೆ ಒಂದು ಕೂಪನ್ ಪುಸ್ತಕ ಕೊಟ್ಟರೆ ಹದಿನೈದು ದಿನದಲ್ಲಿ ಖಾಲಿ. ಕ್ಲಬ್ಬಿನವರು, ವಾರ್ಷಿಕೋತ್ಸವದವರು ಎಲ್ಲರೂ ಇದನ್ನೇ ಮಾಡುವುದು.

ಲೆಕ್ಕಪುಸ್ತಕ

ಎಲ್ಲರೂ ಮಾಡುತ್ತಾರೆ ಅನ್ನುವುದು ನಿಜ. ಆದರೆ ಕಾನೂನಿನಲ್ಲಿ ಅದಕ್ಕೆ ಜಾಗ ಇಲ್ಲ. 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಅಧಿಕಾರ ರಾಜ್ಯ ಸರಕಾರಕ್ಕೆ ಮಾತ್ರ. ಕೇರಳದಲ್ಲಂತೂ 1967ರಿಂದ ಸರಕಾರವೇ ಲಾಟರಿ ಇಲಾಖೆ ನಡೆಸುತ್ತಿದೆ. ಹಣ ತೆಗೆದುಕೊಂಡು ಚೀಟಿ ಎತ್ತಿ ಬಹುಮಾನ ಕೊಡುವುದು ಯಾರು ಮಾಡಿದರೂ ಲಾಟರಿಯೇ. ಹಿಂದೆ ಐಪಿಸಿ 294ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್ ಉಂಟು. "ಸಹಾಯ ಧನ ಕೂಪನ್" ಅಂತ ಪ್ರಿಂಟ್ ಮಾಡಿಸಿದರೂ ಒಳಗಿನ ಸಂಗತಿ ಬದಲಾಗುವುದಿಲ್ಲ.

ಯಾರೂ ದೂರು ಕೊಡದಿದ್ದರೆ ಸುಮ್ನೆ ಹೋಗುತ್ತದೆ. ಕೊಟ್ಟರೆ ಉತ್ತರ ಹೇಳಬೇಕಾದವರು ಹೆಡ್‌ಮಾಸ್ತರ್ ಮತ್ತು ಸಂಘದ ಅಧ್ಯಕ್ಷರು. ಕೂಪನ್ನಿನ ಮೇಲೆ ಶಾಲೆಯ ಹೆಸರು ಇರುತ್ತದೆ ಅಲ್ವಾ?

ನಿವೃತ್ತ ಟೀಚರ್, ನೀರ್ಚಾಲು

ಕಾನೂನು ಒಂದು ಕಡೆ ಇರಲಿ. ಮಕ್ಕಳ ಕೈಗೆ ಪುಸ್ತಕ ಕೊಡುವ ವಿಷಯದಲ್ಲಿ ನನಗೆ ಹೇಳಲಿಕ್ಕೆ ಉಂಟು.

ನಾನು ಕ್ಲಾಸಿನಲ್ಲಿ ಕಣ್ಣಾರೆ ಕಂಡದ್ದು ಇದು. ಹತ್ತು ಕೂಪನ್ನಿನ ಪುಸ್ತಕ ಎಲ್ಲ ಮಕ್ಕಳಿಗೂ ಒಂದೇ ರೀತಿ ಹಂಚುತ್ತಾರೆ. ಅಡಿಕೆ ತೋಟ ಇದ್ದವರ ಮಗ ಒಂದೇ ರಾತ್ರಿಯಲ್ಲಿ ಮುಗಿಸಿ ತರುತ್ತಾನೆ. ಅವನ ಅಪ್ಪ ಎರಡು ಫೋನ್ ಮಾಡಿದರೆ ಮುಗಿಯಿತು. ಕಾಲನಿಯ ಹುಡುಗಿ ಯಾರಿಗೆ ಮಾರಬೇಕು? ಅವಳ ನೆರೆಮನೆಯವರ ಮಕ್ಕಳ ಕೈಯಲ್ಲೂ ಅದೇ ಪುಸ್ತಕ. ಕಡೆಗೆ ಬೀಡಿ ಕಟ್ಟುವ ಅಮ್ಮ ವಾರದ ಮಜೂರಿಯಿಂದ ತೆಗೆದು ಕೊಡುತ್ತಾಳೆ. ಇಲ್ಲದಿದ್ದರೆ ಹುಡುಗಿ ಮೂರು ದಿನ ಶಾಲೆಗೆ ಬರುವುದಿಲ್ಲ. ಕೇಳಿದರೆ ಜ್ವರ ಅನ್ನುತ್ತಾಳೆ. ಪುಸ್ತಕವನ್ನು ಬ್ಯಾಗಿನ ಅಡಿಯಲ್ಲಿ ಮಡಚಿ ಇಟ್ಟಿರುತ್ತಾಳೆ, ಒಂದು ಚೀಟಿಯೂ ಹರಿದಿರುವುದಿಲ್ಲ.

ಯಾರ ಮಗು ಶಾಲೆಯಲ್ಲಿ ಉಳಿಯಬೇಕು ಅಂತ ವ್ಯಾನ್ ಓಡಿಸುತ್ತೇವೋ ಅದೇ ಮಗುವಿಗೆ ಶಾಲೆಗೆ ಬರಲು ನಾಚಿಕೆ ಆಗುವ ಹಾಗೆ ಹಣ ಎತ್ತಬಾರದು. ಯಾವ ಕಾರ್ಯಕ್ರಮ ಬೇಕಾದರೂ ಮಾಡಿ. ಮಾರುವ ಕೆಲಸ ದೊಡ್ಡವರು ಮಾಡಲಿ. ಯಾವ ಮಗುವಿನ ಮನೆಯಿಂದ ಎಷ್ಟು ಬಂತು ಅಂತ ಕ್ಲಾಸಿನಲ್ಲಿ ಓದಿ ಹೇಳುವ ಕ್ರಮವನ್ನೂ ನಿಲ್ಲಿಸಿ.

ಸೀತಾಂಗೋಳಿಯವ

ಟೀಚರ್, ಇದು ನಾನು ಯೋಚಿಸಿರಲಿಲ್ಲ. ಹೌದು, ನಮ್ಮ ಶಾಲೆಯಲ್ಲೂ ಹಾಗೇ ಇತ್ತು.

ಚೆಂಡೆಪೆಟ್ಟು

ಯಕ್ಷಗಾನದ ವಿಷಯ ನಾನು ಹೇಳುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಆಟ ಬೇಡ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಹಣ ಎತ್ತಲಿಕ್ಕೆ ಅಂತ ಆಟ ಆಡಿಸುವುದಾದರೆ ಎರಡು ಸಲ ಯೋಚಿಸಿ.

ಡೇರೆ ಹಾಕಿ ಆಡುತ್ತಿದ್ದ ಮೇಳಗಳ ಟಿಕೇಟಿನ ಆಟದ ಕಾಲ ಹೋಯಿತು. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ಊರಿನಲ್ಲಿ ಹರಕೆ ಆಟ ಬೇಕಾದಷ್ಟು ಇರುತ್ತದೆ, ಎಲ್ಲ ಉಚಿತ, ಕೆಲವು ಕಡೆ ಊಟವೂ ಉಂಟು. ಹಾಗಿರುವಾಗ ಟಿಕೇಟು ತೆಗೆದು ಯಾರು ಬರುತ್ತಾರೆ? ಮೇಳದ ವೀಳ್ಯ (ಆಟಕ್ಕೆ ಕೊಡುವ ಹಣ), ರಂಗಸ್ಥಳ, ಮೈಕ್, ಲೈಟು, ಕಲಾವಿದರ ಊಟ, ಕುರ್ಚಿ, ಎಲ್ಲದಕ್ಕೂ ಮೊದಲೇ ಹಣ ಇಳಿಸಬೇಕು. ಉಳಿಯುವುದು ಏನಿದ್ದರೂ ಸ್ಮರಣ ಸಂಚಿಕೆಯ ಜಾಹೀರಾತಿನಲ್ಲಿ ಮಾತ್ರ. ಆ ಜಾಹೀರಾತಿಗಾಗಿ ಪೇಟೆಯ ಅಂಗಡಿ ಅಂಗಡಿ ಹತ್ತಿ ಇಳಿಯಬೇಕು. ಅದೇ ಅಂಗಡಿಯವರಿಗೆ ದೇವಸ್ಥಾನದ ಬ್ರಹ್ಮಕಲಶದ ರಶೀದಿ ಪುಸ್ತಕವೂ ಬಂದಿರುತ್ತದೆ.

ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಉಂಟು, ಪೊಲೀಸ್ ಅನುಮತಿ ಬೇಕು. ಹಾಗಾಗಿ ಸಂಜೆಯ ಕಾಲಮಿತಿ ಆಟವೇ ಆಗಬೇಕು.

ಮಕ್ಕಳೇ ವೇಷ ಹಾಕಿದರೆ ಸಂಗತಿ ಬೇರೆ. ಆಗ ಮನೆಯವರೆಲ್ಲ ಬರುತ್ತಾರೆ, ಹಳೆ ವಿದ್ಯಾರ್ಥಿಗಳು ಬರುತ್ತಾರೆ. ಆಟ ಉಚಿತವೇ ಇರಲಿ. ಬಂದ ಜನರ ಎದುರು ಶಾಲೆಯ ಅಗತ್ಯ ಏನು ಅಂತ ಎರಡು ನಿಮಿಷ ಹೇಳಿ. ಆಟದಿಂದ ಸಿಗುವ ಲಾಭ ಜನ ಸೇರುವುದು, ಹಣ ಅಲ್ಲ.

ವ್ಯಾನಿನ ಅಮ್ಮ

ತುಂಬಾ ಉಪಕಾರ ಆಯಿತು. ಹಾಗಾದರೆ ಪಾಯಸವೇ ಸರಿಯಾ? ಬಿರಿಯಾನಿ ಚಾಲೆಂಜ್‌ನಲ್ಲಿ ಜಾಸ್ತಿ ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಆದರೆ ನಮ್ಮಲ್ಲಿ ಸಸ್ಯಾಹಾರಿ ಮನೆಗಳು ಅರ್ಧದಷ್ಟು ಉಂಟು.

ಹೆರೆಮಣೆ

ನಾವು ಕುಟುಂಬಶ್ರೀಯ ಮಹಿಳಾ ಸಂಘದವರು ವಾಚನಾಲಯದ ಕಟ್ಟಡಕ್ಕಾಗಿ ಓಣಂ ಸಮಯದಲ್ಲಿ ಪಾಯಸ ಮಾಡಿದ್ದೆವು. ಪಾಯಸ ಆದರೆ ಎಲ್ಲ ಮನೆಯವರೂ ತೆಗೆದುಕೊಳ್ಳುತ್ತಾರೆ. ಬ್ಯಾರಿಗಳು, ಭಟ್ರು, ಕ್ರಿಶ್ಚಿಯನ್ನರು, ಎಲ್ಲರೂ. ಒಂದು ಶಾಲೆಗೆ ಅದು ದೊಡ್ಡ ಸಂಗತಿ.

ಲೆಕ್ಕ ಹೀಗೆ ಬರುತ್ತದೆ. ಅರ್ಧ ಲೀಟರ್ ಡಬ್ಬಿಗೆ 150 ರೂಪಾಯಿ ಇಟ್ಟು 400 ಡಬ್ಬಿ ಹೋಯಿತು ಅಂತ ಇಟ್ಟುಕೊಳ್ಳಿ. ಒಟ್ಟು 60,000. ತೆಂಗಿನಕಾಯಿ ಮನೆಗಳಿಂದ ಬಂದರೆ ಅಡೆ, ಬೆಲ್ಲ, ತುಪ್ಪ, ಗ್ಯಾಸು, ಡಬ್ಬಿ, ಅಡುಗೆಯವರ ಮಜೂರಿ ಸೇರಿ ಒಂದಕ್ಕೆ 65ರ ಹತ್ತಿರ ಬೀಳಬಹುದು. 34,000 ಉಳಿಯುತ್ತದೆ. ತೆಂಗಿನಕಾಯಿಯನ್ನೂ ಹಣ ಕೊಟ್ಟು ತೆಗೆದರೆ ಉಳಿಯುವುದು ಕಮ್ಮಿ. ಹಾಗಾಗಿ ಮೊದಲು ಕಾಯಿ ಕೇಳಿ, ಆಮೇಲೆ ದಿನ ನಿಶ್ಚಯ ಮಾಡಿ.

ಆರ್ಡರು ಮುಂಚೆಯೇ ತೆಗೆದುಕೊಳ್ಳಬೇಕು, ಹಣವೂ ಮುಂಚೆಯೇ. ಅಂದಾಜಿನ ಮೇಲೆ ಒಂದು ಡಬ್ಬಿಯನ್ನೂ ಜಾಸ್ತಿ ಮಾಡಬೇಡಿ. ಉಳಿದ ಪಾಯಸ ಸಂಜೆಗೆ ಹಾಳು.

ಇನ್ನು ಡಬ್ಬಿ ತುಂಬುವ ವಿಷಯ. ಅಡಪ್ರಥಮನ್ (ಅಕ್ಕಿಯ ಅಡೆ ಹಾಕಿದ ಪಾಯಸ) ತಣಿದ ಹಾಗೆ ಅಡೆ ಹಾಲು ಕುಡಿದು ಗಟ್ಟಿ ಆಗುತ್ತದೆ. ಉರುಳಿಯಲ್ಲಿ, ಅಂದರೆ ಪಾಯಸ ಕಾಯಿಸುವ ಪಾತ್ರೆಯಲ್ಲಿ, ಹದ ಸರಿ ಇದೆ ಅಂತ ಕಂಡರೆ ಮನೆ ಮುಟ್ಟುವಾಗ ಚಮಚ ನಿಲ್ಲುವಷ್ಟು ಆಗಿರುತ್ತದೆ. ಸ್ವಲ್ಪ ತೆಳ್ಳಗೆ ಇರುವಾಗಲೇ ಇಳಿಸಬೇಕು. ದಪ್ಪ ಕಾಯಿಹಾಲು ಕೊನೆಗೆ, ಬೆಂಕಿ ಆರಿಸಿದ ಮೇಲೆ. ಕುದಿಯುವಾಗಲೇ ತುಂಬಿ ಮುಚ್ಚಳ ಹಾಕಿದರೆ ಒಳಗೆ ಬೆವರು ಕಟ್ಟಿ ಬೇಗ ಹುಳಿ ಬರುತ್ತದೆ. ಅಗಲ ಪಾತ್ರೆಗೆ ಹೊಯ್ದು ಕೈ ತಾಗಿಸಬಹುದಾದಷ್ಟು ತಣಿಸಿ ತುಂಬಿ. ಬೆಳಗ್ಗೆ 11 ಗಂಟೆಯೊಳಗೆ ಎಲ್ಲ ಮನೆಗೆ ಮುಟ್ಟಬೇಕು. ಮೂರು ನಾಲ್ಕು ಸ್ಕೂಟರ್ ಇರುವವರನ್ನು ಮೊದಲೇ ಹೇಳಿಟ್ಟುಕೊಳ್ಳಿ.

ಅಡುಗೆಗೆ ಆಹಾರ ಸುರಕ್ಷತೆಯ ನೋಂದಣಿ ಇರುವ ಪಾಕತಜ್ಞರೇ ಬರಲಿ. 2022ರಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡದ್ದು ನಮ್ಮ ಜಿಲ್ಲೆಯಲ್ಲೇ. ಮಾಂಸದ ಅಡುಗೆಯನ್ನು ಇಷ್ಟು ಜನಕ್ಕೆ ಕಟ್ಟಿ ಕಳಿಸುವ ಧೈರ್ಯ ನನಗಿಲ್ಲ. ಪಾಯಸದಲ್ಲೂ ಬಾವಿ ನೀರು, ಪಾತ್ರೆ, ಕೈ, ಎಲ್ಲ ನೋಡಲಿಕ್ಕೆ ಒಬ್ಬರು ಇರಲೇಬೇಕು.

ಲೆಕ್ಕಪುಸ್ತಕ

ಹೆರೆಮಣೆ ಅಕ್ಕನ ಲೆಕ್ಕ ಸರಿ ಉಂಟು. ಅದನ್ನೇ ಹಿಡಿದು ಒಂದು ಮಾತು ಹೇಳುತ್ತೇನೆ.

34,000 ಬಂತು. ವ್ಯಾನಿಗೆ ತಿಂಗಳಿಗೆ 12,000 ಕಡಿಮೆ. ಮೂರು ತಿಂಗಳೂ ಬರುವುದಿಲ್ಲ. ಆಮೇಲೆ ಏನು ಮಾಡುವುದು? ಮತ್ತೊಮ್ಮೆ ಪಾಯಸವಾ? ಅದೇ ಅಮ್ಮಂದಿರು ಮತ್ತೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಕಾಯಿ ಹೆರೆಯಬೇಕು, ಅದೇ ಮನೆಯವರು ಮತ್ತೆ ಡಬ್ಬಿ ತೆಗೆಯಬೇಕು. ಎರಡನೇ ಸಲಕ್ಕೆ ಅರ್ಧ ಆರ್ಡರ್ ಬರುತ್ತದೆ, ಮೂರನೇ ಸಲಕ್ಕೆ ಅಮ್ಮಂದಿರೇ ಬರುವುದಿಲ್ಲ. ಅವರ ತಪ್ಪಲ್ಲ.

ನಾವು ಯಾವಾಗಲೂ ಕಾರ್ಯಕ್ರಮದಿಂದ ಶುರು ಮಾಡುತ್ತೇವೆ. ಅದು ಯಾವುದು ಅಂತ ಮೊದಲು ಕೇಳುತ್ತೇವೆ, ಹಣ ಯಾವುದಕ್ಕೆ ಅಂತ ಆಮೇಲೆ. ಇದನ್ನು ತಿರುಗಿಸಬೇಕು. ನಿಮ್ಮಲ್ಲಿ ಮೂರು ಅಗತ್ಯ ಉಂಟು, ಮೂರೂ ಬೇರೆ ಬೇರೆ ಜಾತಿಯವು.

ಶೌಚಾಲಯದ ಬಾಗಿಲಿಗೆ ನೀವು ಹಣ ಎತ್ತಲೇಬೇಡಿ. ಅನುದಾನಿತ ಶಾಲೆಯಲ್ಲಿ ಸಂಬಳ ಸರಕಾರದ್ದು, ಕಟ್ಟಡ ನೋಡಿಕೊಳ್ಳುವ ಹೊಣೆ ಮೇನೇಜರರದ್ದು. ವರ್ಷಕ್ಕೊಮ್ಮೆ ಕಟ್ಟಡದ ಫಿಟ್‌ನೆಸ್ ಸರ್ಟಿಫಿಕೇಟಿಗೆ ಪರಿಶೀಲನೆ ಆಗುತ್ತದೆ. ಆ ಸಮಯಕ್ಕೆ ಸಂಘದಿಂದ ಬರೆದು ಕೊಡಿ. ಒಮ್ಮೆ ನೀವು ಬಾಗಿಲು ಹಾಕಿಸಿದರೆ ಮುಂದೆ ಮಾಡು ಸೋರಿದಾಗಲೂ ನಿಮ್ಮನ್ನೇ ನೋಡುತ್ತಾರೆ.

ಕಪಾಟು ಒಂದು ಸಲದ ಖರ್ಚು. ಅದಕ್ಕೆ ಪಾಯಸ ಹೇಳಿ ಮಾಡಿಸಿದ್ದು. ಒಂದು ದಿನದ ಕೆಲಸ, ಒಂದು ದಿನದ ಹಣ, ವಾರದೊಳಗೆ ಕಪಾಟು ಬಂದು ನಿಲ್ಲುತ್ತದೆ. ಕೊಟ್ಟವರು ಬಂದು ನೋಡಬಹುದು.

ವ್ಯಾನ್ ಪ್ರತಿ ತಿಂಗಳ ಖರ್ಚು. ಅದಕ್ಕೆ ಪ್ರತಿ ತಿಂಗಳು ಬರುವ ಹಣವೇ ಬೇಕು. ತಿಂಗಳಿಗೆ 100 ರೂಪಾಯಿ ಕೊಡುವ 120 ಹಳೆ ವಿದ್ಯಾರ್ಥಿಗಳು ಸಿಕ್ಕಿದರೆ 12,000 ಆಯಿತು. ಯಾರೂ ಬೆವರು ಸುರಿಸಬೇಕಾಗಿಲ್ಲ. ಯುಪಿಐಯಲ್ಲಿ ತಿಂಗಳಿಗೊಮ್ಮೆ ತಾನಾಗಿ ಹಣ ಹೋಗುವ ವ್ಯವಸ್ಥೆ ಉಂಟು. ಬ್ಯಾಂಕಿನಲ್ಲೂ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಬಹುದು. ನೋಡಲು ಚಿಕ್ಕ ಮೊತ್ತ, ಆದರೆ ಜುಲೈಯ ಮಳೆಯಲ್ಲೂ ಬರುತ್ತದೆ, ಪರೀಕ್ಷೆ ಸಮಯದಲ್ಲೂ ಬರುತ್ತದೆ.

ಸೀತಾಂಗೋಳಿಯವ

120 ಜನ ಸಿಗುವುದು ಹೇಳಿದಷ್ಟು ಸುಲಭ ಅಲ್ಲ ಅಣ್ಣ. ಎರಡು ತಿಂಗಳು ಕೊಟ್ಟು ನಿಲ್ಲಿಸುವವರೇ ಜಾಸ್ತಿ.

ಲೆಕ್ಕಪುಸ್ತಕ

ಒಪ್ಪುತ್ತೇನೆ. ಅದಕ್ಕೇ ಪ್ರತಿ ಬ್ಯಾಚಿಗೆ ಒಬ್ಬರನ್ನು ಹಿಡಿಯಬೇಕು. ಏಳನೇ ಕ್ಲಾಸು ಬಿಟ್ಟ ವರ್ಷದ ಪ್ರಕಾರ ಗುಂಪು ಮಾಡಿ, ಆ ಗುಂಪಿನವರೇ ತಮ್ಮ ಜೊತೆಯವರನ್ನು ಕೇಳಲಿ. ಹೆಡ್‌ಮಾಸ್ತರ್ ಫೋನ್ ಮಾಡಿದರೆ ಆಗದ ಕೆಲಸ ಜೊತೆಯಲ್ಲಿ ಬೆಂಚು ಹಂಚಿಕೊಂಡವನು ಕೇಳಿದರೆ ಆಗುತ್ತದೆ. ಮತ್ತೆ, ಮೊದಲ ವಾರದಲ್ಲಿ ಲೆಕ್ಕ ಹಾಕಲೇಬೇಕು: ಇಷ್ಟು ಬಂತು, ಡೀಸೆಲಿಗೆ ಇಷ್ಟು, ಡ್ರೈವರಿಗೆ ಇಷ್ಟು. ಲೆಕ್ಕ ನಿಂತ ತಿಂಗಳಿನಿಂದಲೇ ಹಣವೂ ನಿಲ್ಲುತ್ತದೆ.

ಪೆರ್ಲದ ತೋಟ

ನಮ್ಮ ಕಡೆಯ ಒಂದು ಕ್ರಮ ಹೇಳುತ್ತೇನೆ. ಹಣ ಕೇಳಿದರೆ ಕೈ ಹಿಂದೆ ಹೋಗುವ ಮನೆಯವರು ಬೆಳೆ ಕೇಳಿದರೆ ಧಾರಾಳವಾಗಿ ಕೊಡುತ್ತಾರೆ. ದೇವಸ್ಥಾನಕ್ಕೆ ಹೊರೆಕಾಣಿಕೆ ಹೋಗುವುದಿಲ್ಲವಾ, ಹಾಗೆ. ಅಡಿಕೆ ಒಣಗಿ ಸುಲಿಯುವ ಸಮಯದಲ್ಲಿ ಮನೆಗೆ ಒಂದು ಕಿಲೋ ಕೇಳಿ. ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಕಿಲೋಗೆ 400ರ ಮೇಲೆ ಧಾರಣೆ ಇರುವಾಗ ನೂರು ಮನೆ ಅಂದರೆ 40,000 ಆಯಿತು. ಖರ್ಚು ಅಂದರೆ ಜೀಪಿನ ಬಾಡಿಗೆ ಒಂದೇ.

ಪಟೋರ, ಕರಿಗೋಟು ಅನ್ನುವ ಕಡಿಮೆ ದರದ ಅಡಿಕೆ ಕೊಟ್ಟರೂ ಬೇಡ ಅನ್ನಬೇಡಿ. ಬೇರೆ ಗೋಣಿಯಲ್ಲಿ ಹಾಕಿ. ಒಳ್ಳೆ ಅಡಿಕೆಯ ಜೊತೆ ಕೂಡಿದರೆ ಇಡೀ ಗೋಣಿಯ ದರ ಇಳಿಯುತ್ತದೆ. ಸರಿಯಾಗಿ ಒಣಗದ ಅಡಿಕೆಯನ್ನು ಶಾಲೆಯಲ್ಲಿ ಕಟ್ಟಿಡಬೇಡಿ, ಎರಡು ದಿನದಲ್ಲಿ ಬೂಸ್ಟು ಬರುತ್ತದೆ. ಅದೇ ದಿನ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿದರೆ ತೂಕ, ದರ, ಬಿಲ್ಲು ಎಲ್ಲ ಕೈಗೆ ಸಿಗುತ್ತದೆ. ಆ ಬಿಲ್ಲನ್ನೇ ಸಭೆಯಲ್ಲಿ ತೋರಿಸಬಹುದು.

ತೋಟ ಇಲ್ಲದವರು ಹಳೆ ಪೇಪರು, ಕಬ್ಬಿಣ ಕೊಡಲಿ. 2020ರಲ್ಲಿ ಯುವಜನ ಸಂಘಟನೆ ಡಿವೈಎಫ್‌ಐಯವರು ಇಡೀ ಕೇರಳದಲ್ಲಿ ಗುಜರಿ ಹೆಕ್ಕಿ ಮಾರಿ, ಮುಖ್ಯಮಂತ್ರಿ ಪರಿಹಾರ ನಿಧಿಗೆ 10 ಕೋಟಿಗೂ ಮೇಲೆ ಕೊಟ್ಟಿದ್ದರು. ಮನೆಯ ಮೂಲೆಯಲ್ಲಿ ಬಿದ್ದದ್ದನ್ನು ಕೊಡಲು ಯಾರಿಗೂ ಕಷ್ಟ ಇಲ್ಲ. ಪ್ಲಾಸ್ಟಿಕ್ ಮಾತ್ರ ತೆಗೆದುಕೊಳ್ಳಬೇಡಿ, ಅದು ಮನೆ ಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯವರ ಕೆಲಸ.

ನಿವೃತ್ತ ಟೀಚರ್, ನೀರ್ಚಾಲು

ಪುಸ್ತಕಕ್ಕೂ ಹಣ ಬೇಡ. ಹುಟ್ಟುಹಬ್ಬಕ್ಕೆ ಮಿಠಾಯಿ ಹಂಚುವ ಬದಲು ಲೈಬ್ರರಿಗೆ ಒಂದು ಕನ್ನಡ ಪುಸ್ತಕ ಕೊಡುವ ರೂಢಿ ಮಾಡಿ. ಮೊದಲ ಪುಟದಲ್ಲಿ ಮಗುವಿನ ಹೆಸರು ಬರೆಯಿರಿ. ಕೊಡಲು ಆಗದ ಮಗುವಿನ ಹೆಸರಿನಲ್ಲಿ ಕ್ಲಾಸ್ ಟೀಚರ್ ಒಂದು ಇಡಲಿ, ಯಾರಿಗೂ ಹೇಳದೆ.

ಮರಳುಗಾಡಿನ ಕುಂಬಳೆ

ದುಬೈಯಿಂದ ಬರೆಯುತ್ತಿದ್ದೇನೆ. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳ ಹತ್ತಿರ ಕೇಳುವ ಅಂತ ಸಮಿತಿಯಲ್ಲಿ ಮಾತು ಬಂದೇ ಬರುತ್ತದೆ. ದಯವಿಟ್ಟು ಇದನ್ನು ಗಮನಿಸಿ. ಇಲ್ಲಿ ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು ಅಪರಾಧ. 2021ರಲ್ಲಿ ಅದಕ್ಕೆಂದೇ ಕಾನೂನು ಬಂದಿದೆ. ವಾಟ್ಸಾಪ್ ಗುಂಪಿನಲ್ಲಿ ಕೇಳುವುದೂ ಅದರೊಳಗೆ ಬರಬಹುದು, ದೊಡ್ಡ ದಂಡ ಬೀಳುತ್ತದೆ. ಊರಿನವರು ಪ್ರೀತಿಯಿಂದ "ನೀನು ಅಲ್ಲಿ ನಾಲ್ಕು ಜನರಿಂದ ಒಟ್ಟು ಮಾಡಿ ಕಳಿಸು ಮಾರಾಯ" ಅಂತ ಹೇಳುತ್ತೀರಿ. ಹಾಗೆ ಹೇಳಬೇಡಿ. ಸಿಕ್ಕಿಬೀಳುವವನು ಇಲ್ಲಿ ಕೆಲಸ ಮಾಡುವ ಹುಡುಗ.

ನಾವು ಒಬ್ಬೊಬ್ಬರೇ ನಮ್ಮ ನಮ್ಮ ಸಂಬಳದಿಂದ ಊರಿನ ಸಂಘದ ಖಾತೆಗೆ ಬ್ಯಾಂಕ್ ಮೂಲಕ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇರುವವರು ಹಾಗೆ ಕಳಿಸುವ ಸ್ವಂತ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆ) ಪ್ರಕಾರ ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕ, ಇಂಗ್ಲೆಂಡ್ ಪೌರತ್ವ ತೆಗೆದುಕೊಂಡವರ ಹಣ ಮಾತ್ರ ವಿದೇಶಿ ದೇಣಿಗೆಯೇ, ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಇದ್ದರೂ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಘ ಅದನ್ನು ತೆಗೆದುಕೊಳ್ಳಬಾರದು.

ತಿಂಗಳಿಗೆ ನೂರು ರೂಪಾಯಿಯ ಯೋಜನೆಗೆ ನನ್ನ ಹೆಸರು ಬರೆದುಕೊಳ್ಳಿ. ಆ ಕಡೆಯ ಶಾಲೆಯಲ್ಲಿ ಓದಿದವನಲ್ಲ, ಆದರೆ ಕನ್ನಡ ಶಾಲೆ ಅಲ್ವಾ.

ವ್ಯಾನಿನ ಅಮ್ಮ

ಓದುತ್ತಾ ಕಣ್ಣು ತುಂಬಿ ಬಂತು ಅಣ್ಣ. ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು.

ನಿನ್ನೆ ಸಮಿತಿಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಕೂಪನ್ ಬೇಡ ಅಂತ ತೀರ್ಮಾನ ಆಯಿತು. ಕಪಾಟಿಗೆ ಪಾಯಸ, ಓಣಂ ರಜೆಯ ಮೊದಲಿನ ಭಾನುವಾರ. ವ್ಯಾನಿಗೆ ತಿಂಗಳ ನೂರು ರೂಪಾಯಿ. ಇವತ್ತಿನವರೆಗೆ ಹೂಂ ಅಂದವರು 40 ಜನ ಆಗಿದ್ದಾರೆ. ಉಳಿದದ್ದು ತುಂಬುವವರೆಗೆ ಈ ವರ್ಷ ಅಡಿಕೆ ಕೇಳುವುದು. ವಾರ್ಷಿಕೋತ್ಸವದಲ್ಲಿ ಮಕ್ಕಳದ್ದೇ ಯಕ್ಷಗಾನ, ಉಚಿತ. ಶೌಚಾಲಯಕ್ಕೆ ಮೇನೇಜರರಿಗೆ ಪತ್ರ ಬರೆದಾಯಿತು, ಎಲ್ಲ ಅಮ್ಮಂದಿರೂ ಸಹಿ ಹಾಕಿದ್ದಾರೆ.

ಎರಡು ಸಂಶಯ. ಹಣ ಯಾವ ಖಾತೆಗೆ ಹಾಕಿಸುವುದು? ಈಗ ಒಬ್ಬ ಟೀಚರ ಗೂಗಲ್ ಪೇ ನಂಬರ್ ಕೊಡುತ್ತಿದ್ದೇವೆ. ಮತ್ತೆ, ಆದಾಯ ತೆರಿಗೆ ರಿಯಾಯಿತಿ ಸಿಗುತ್ತದಾ ಅಂತ ಒಬ್ಬರು ಕೇಳಿದ್ದಾರೆ.

ಲೆಕ್ಕಪುಸ್ತಕ

ಟೀಚರ ಸ್ವಂತ ನಂಬರ್ ಇವತ್ತೇ ನಿಲ್ಲಿಸಿ. ಅವರು ಎಷ್ಟು ಪ್ರಾಮಾಣಿಕರಾದರೂ ಆ ಹಣ ಅವರ ಖಾತೆಯಲ್ಲಿ ಅವರ ಆದಾಯದ ಹಾಗೆ ಕಾಣುತ್ತದೆ, ನಾಳೆ ಪ್ರಶ್ನೆ ಬಂದರೆ ಒಬ್ಬರೇ ಉತ್ತರ ಕೊಡಬೇಕು. ರಕ್ಷಕ ಶಿಕ್ಷಕ ಸಂಘದ ಹೆಸರಿನಲ್ಲಿ ವ್ಯಾನಿಗೆಂದೇ ಬೇರೆ ಖಾತೆ ತೆರೆಯಿರಿ. ಹೆಡ್‌ಮಾಸ್ತರ್ ಮತ್ತು ಅಧ್ಯಕ್ಷರು ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ತೆಗೆಯುವ ಹಾಗೆ ಇರಲಿ. ಪಾಯಸದ ಹಣವನ್ನು ಅದಕ್ಕೆ ಸೇರಿಸಬೇಡಿ.

80ಜಿ ಅಂತ ಹೇಳುವ ದೇಣಿಗೆಯ ತೆರಿಗೆ ರಿಯಾಯಿತಿ ಬೇಕಾದರೆ ಹಣ ಪಡೆಯುವ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ ಆ ನೋಂದಣಿಯೇ ಇರಬೇಕು. ಹಳೆ ವಿದ್ಯಾರ್ಥಿ ಸಂಘವನ್ನು ಸೊಸೈಟಿಯಾಗಿ ನೋಂದಾಯಿಸಿ ಆಮೇಲೆ ಅರ್ಜಿ ಹಾಕಬಹುದು. ನಮ್ಮ ಮಲಬಾರ್ ಕಡೆಗೆ ಅನ್ವಯಿಸುವುದು 1860ರ ಸೊಸೈಟಿ ಕಾಯ್ದೆ. ಆದರೆ ವರ್ಷ ವರ್ಷ ಲೆಕ್ಕ ಪರಿಶೋಧನೆ, ರಿಟರ್ನ್ಸ್ ಎಲ್ಲ ಇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ರಿಯಾಯಿತಿ ಇಲ್ಲವೇ ಇಲ್ಲ, ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೂ ಇಲ್ಲ. ತಿಂಗಳಿಗೆ ನೂರು ಕೊಡುವವರು ತೆರಿಗೆಗಾಗಿ ಕೊಡುವುದಿಲ್ಲ. ಈ ವರ್ಷ ಅದರ ಹಿಂದೆ ಹೋಗಬೇಡಿ. ಖಾತೆ ತೆರೆದು ಕ್ಯೂಆರ್ ಬಂದ ಕೂಡಲೇ ಇಲ್ಲಿ ಹೇಳಿ, ನಾನೂ ಸೇರುತ್ತೇನೆ.

ಹೆರೆಮಣೆ

ಪಾಯಸದ ಹಿಂದಿನ ದಿನ ನಾವು ನಾಲ್ಕು ಜನ ಬರುತ್ತೇವೆ ತಂಗಿ. ದೊಡ್ಡ ಉರುಳಿ ಎರಡು ನಮ್ಮಲ್ಲಿ ಉಂಟು. ಜೀಪು ಕಳಿಸಿ, ಸಾಕು.